ಅಜ್ಜನ ಜನನಪತ್ರ, ಮೊಮ್ಮಗನ ಪಾಸ್‌ಪೋರ್ಟ್

ಕಾರವಾರದ ಕಾಳಿ ಸೇತುವೆ ದಾಟಿ ಸ್ವಲ್ಪ ಮುಂದೆ ಹೋದರೆ ಗೋವಾ. ಅಲ್ಲಿನ ಎಷ್ಟೋ ಮನೆಗಳ ಕಪಾಟಿನಲ್ಲಿ ಒಡವೆಯ ಪಕ್ಕದಲ್ಲೇ ಜೋಪಾನವಾಗಿರುವುದು ಅಜ್ಜನ ಜನನ ದಾಖಲೆಯ ನಕಲು.

ಪೋರ್ಚುಗೀಸ್ ಆಳ್ವಿಕೆ ಕೊನೆಗೊಂಡ 1961ರ ಡಿಸೆಂಬರ್ 19ಕ್ಕೆ ಮೊದಲು ಗೋವಾ, ದಮನ್, ದಿಯುಗಳಲ್ಲಿ ಹುಟ್ಟಿದವರನ್ನು ಪೋರ್ಚುಗಲ್ ತನ್ನ ಪ್ರಜೆಗಳೆಂದೇ ನೋಡುತ್ತಾ ಬಂದಿದೆ. ಲಿಸ್ಬನ್ನಿನ ಕೇಂದ್ರ ನೋಂದಣಿ ಕಚೇರಿಯಲ್ಲಿ ಅಜ್ಜನ ಜನನ, ಮದುವೆ, ಆಮೇಲೆ ಅಪ್ಪನ ಜನನ ಎಲ್ಲ ದಾಖಲಾದರೆ ಮೊಮ್ಮಗನ ಸರದಿ. ತಾಯಿ ಗೋವಾದವಳಾಗಿದ್ದರೆ ಕಾರವಾರದ ಮಗನಿಗೂ ಈ ದಾರಿ ಉಂಟು. ಹಳೆಯ ಪೋರ್ಚುಗೀಸ್ ದಫ್ತರಿನಲ್ಲಿ 'ಫ್ರಾನ್ಸಿಸ್ಕೊ', ಆಧಾರ್‌ನಲ್ಲಿ 'ಫ್ರಾನ್ಸಿಸ್'. ಇಷ್ಟು ಸಾಕು, ಅಫಿಡವಿಟ್ಟು, ವಕೀಲ, ಏಜೆಂಟ್ ಎಂದು ಅಲೆದಾಟ ಶುರು.

ಇಷ್ಟಾಗಿ ಹೊರಟಿದ್ದು ಲಿಸ್ಬನ್ನಿಗಲ್ಲ. ಬಹಳಷ್ಟು ಜನ ಆ ಪಾಸ್‌ಪೋರ್ಟ್ ಹಿಡಿದು ಇಂಗ್ಲೆಂಡಿಗೆ ಹೋದರು. ಸ್ವಿಂಡನ್ ಪಟ್ಟಣದಲ್ಲಿ ಈಗ ಗೋವಾದವರದೇ ದೊಡ್ಡ ಬಳಗ. ಬ್ರೆಕ್ಸಿಟ್ ಬಂದು 2020ರ ಕೊನೆಗೆ ಆ ಸಲೀಸು ದಾರಿ ಮುಚ್ಚಿತು.

ನಮ್ಮ ಕಾನೂನು ದ್ವಿಪೌರತ್ವವನ್ನು ಒಪ್ಪುವುದಿಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಕಲಮಿನ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವನು ಭಾರತೀಯನಾಗಿ ಉಳಿಯುವುದಿಲ್ಲ. ಬೇರೆ ದೇಶದ ಪಾಸ್‌ಪೋರ್ಟೇ ಅದಕ್ಕೆ ಸಾಕ್ಷಿ. ಹಾಗಾದರೆ 2005ರ ತಿದ್ದುಪಡಿಯ ಒಸಿಐ, ಅಂದರೆ ಸಾಗರೋತ್ತರ ಭಾರತೀಯ ಪೌರತ್ವ? ಟೊರಾಂಟೊದ ಕನ್ನಡಿಗರೂ ಅದನ್ನು ದ್ವಿಪೌರತ್ವ ಎಂದೇ ಕರೆಯುವುದುಂಟು. ಅಲ್ಲ ಸ್ವಾಮಿ, ಅದು ಆಯುಷ್ಯವಿಡೀ ನಡೆಯುವ ವೀಸಾ. ವೋಟಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಅಡಿಕೆ ತೋಟ ಕೊಳ್ಳುವಂತಿಲ್ಲ. ನೆಂಟನಿಗೆ ಹೇಳಿದ ಹಾಗೆ: ಯಾವಾಗ ಬಂದರೂ ಎಲೆ ಹಾಕುತ್ತಾರೆ, ಆಸ್ತಿಯಲ್ಲಿ ಪಾಲು ಕೇಳಬೇಡ ಎನ್ನುತ್ತಾರೆ.

ಈ ನಿಯಮದ ಬಗ್ಗೆ ನನಗೆ ತಕರಾರಿಲ್ಲ. ಸರ್ಕಾರ ಆರಿಸುವವನು ಅದರ ಕೈಕೆಳಗೆ ಬಾಳಬೇಕು. ಆದರೆ ಗೋವಾದ ಲೆಕ್ಕ ಬೇರೆ. ಅಜ್ಜ ಪೋರ್ಚುಗೀಸ್ ಪ್ರಜೆಯಾಗಲು ಅರ್ಜಿ ಹಾಕಿದವನಲ್ಲ, ತನ್ನ ಮನೆಯಲ್ಲಿ ಹುಟ್ಟಿದವನು, ಅಷ್ಟೇ. ಲಿಸ್ಬನ್ನಿನ ಪುಸ್ತಕದಲ್ಲಿ ಹೆಸರು ಬಿದ್ದ ಮಾತ್ರಕ್ಕೆ ಅವನ ಮೊಮ್ಮಗನನ್ನು ಪರದೇಶಿ ಎನ್ನಬಾರದು. ಪಾಸ್‌ಪೋರ್ಟ್ ಕೈಗೆ ಬಂದ ದಿನದಿಂದ ಬೇಕಾದರೆ ಎಣಿಸಲಿ. ಇದನ್ನು ಕೇಂದ್ರ ಸರ್ಕಾರ ನಿಯಮದಲ್ಲೇ ಬಿಡಿಸಿ ಬರೆಯಬೇಕು.

ಏಜೆಂಟರ ಕೈಗೆ ದುಡ್ಡು ಕೊಡುವ ಮೊದಲು ಒಂದು ಮಾತು ಕೇಳಿಕೊಳ್ಳಿ. ಆ ಪಾಸ್‌ಪೋರ್ಟ್ ಬಂದ ಮೇಲೆ ಭಾರತದ್ದನ್ನು ಒಪ್ಪಿಸಲೇಬೇಕು. ಮುಂದೆ ಅಜ್ಜನ ಮನೆಗೆ ಬರುವುದಕ್ಕೂ ವೀಸಾ ಇಲ್ಲವೇ ಒಸಿಐ ಕಾರ್ಡ್ ಬೇಕು.