ಗೋಡೆಯ ಮೇಲಿನ ಸಂಭಾವಿತ

ಬಿಕರ್ನಕಟ್ಟೆಯ ಪರಿಚಿತರೊಬ್ಬರು ತಮ್ಮ ಹೊಸ ಫ್ಲ್ಯಾಟಿನ ಹಾಲ್‌ನಲ್ಲಿ ದೊಡ್ಡದೊಂದು ಚಿತ್ರ ತೂಗುಹಾಕಿದ್ದಾರೆ. ಹದಿನೆಂಟನೇ ಶತಮಾನದ ಡಚ್ ತೈಲಚಿತ್ರದ ಅಚ್ಚುಪ್ರತಿ. ಬಿಳಿ ವಿಗ್ಗು, ಕಸೂತಿಯ ಕೋಟು, ಮುಖದಲ್ಲಿ ಉಂಡು ತೇಗಿದ ತೃಪ್ತಿ. ಯಾರಿದು ಎಂದು ಕೇಳಿದರೆ, "ಯಾರೋ ಸಂಭಾವಿತ. ಮನೆಗೊಂದು ಗಾಂಭೀರ್ಯ ಬರ್ತದಲ್ಲ!" ಎಂದರು.

ಗಾಂಭೀರ್ಯವೇನೋ ಬಂದಿದೆ. ಆದರೆ ಅದರ ಖರ್ಚು ಭರಿಸಿದವರು ಯಾರು?

ಹೆಸರು ಗೊತ್ತಿರುವ ಅಂಥದೇ ಸಂಭಾವಿತನೊಬ್ಬನನ್ನು ನೋಡೋಣ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿ ಯಾನ್ ಪ್ರಾಂಗರ್ ಎಂಬವನ ಚಿತ್ರವಿದೆ. ಫ್ರಾನ್ಸ್ ವಾನ್ ಡರ್ ಮೈನ್ 1742ರಲ್ಲಿ ಬರೆದದ್ದು. ಪ್ರಾಂಗರ್ 1730ರಿಂದ 1734ರವರೆಗೆ, ಈಗಿನ ಘಾನಾದ ಎಲ್ಮಿನಾ ಕೋಟೆಯಲ್ಲಿ ಡಚ್ ವೆಸ್ಟ್ ಇಂಡಿಯಾ ಕಂಪೆನಿಯ ಮುಖ್ಯಾಧಿಕಾರಿ. ಆಫ್ರಿಕದ ಮನುಷ್ಯರನ್ನು ಹಡಗಿಗೆ ತುಂಬಿ ಅಟ್ಲಾಂಟಿಕ್ ದಾಟಿಸುತ್ತಿದ್ದ ಕೋಟೆಯದು. ಚಿತ್ರದಲ್ಲಿ ಆತನ ಜೊತೆ ಒಬ್ಬ ಕಪ್ಪು ಸೇವಕನೂ ಇದ್ದಾನೆ. ಶೀರ್ಷಿಕೆಯಲ್ಲಿರುವುದು ಪ್ರಾಂಗರ್‌ನ ಹೆಸರು ಮಾತ್ರ.

ಅದು ಆಫ್ರಿಕದ ಕಥೆ, ನಮಗೇನು ಎನ್ನುವಂತಿಲ್ಲ. ಅದೇ ದೇಶದ ಈಸ್ಟ್ ಇಂಡಿಯಾ ಕಂಪೆನಿ 1663ರಲ್ಲಿ ಪೋರ್ಚುಗೀಸರಿಂದ ಕೊಚ್ಚಿಯನ್ನು ಕಿತ್ತುಕೊಂಡಿತು. 1795ರವರೆಗೂ ಡಚ್ಚರು ಅಲ್ಲಿದ್ದರು. ಕರಿಮೆಣಸನ್ನು ತಮಗಲ್ಲದೆ ಇತರರಿಗೆ ಮಾರಕೂಡದೆಂದು ಮಲಬಾರಿನ ಅರಸರಿಂದ ಬರೆಸಿಕೊಂಡರು. ತಲೆಮಾರುಗಳಿಂದ ಮೆಣಸಿನ ವ್ಯಾಪಾರ ಮಾಡಿಕೊಂಡಿದ್ದ ಮಾಪಿಳ್ಳೆ ವರ್ತಕ ತನ್ನೂರಿನಲ್ಲೇ ಕಳ್ಳಸಾಗಣೆದಾರನಾದ! ನಮ್ಮ ಬಸ್ರೂರಿನಲ್ಲೂ ಅವರ ಕೋಠಿಯಿತ್ತು. ಇಲ್ಲಿಯ ಅಕ್ಕಿ ಅವರ ಹಡಗೇರುತ್ತಿತ್ತು. ಕೊಚ್ಚಿಯಿಂದ ಮೆಣಸಿನಂತೆ ಮನುಷ್ಯರೂ ಬಿಕರಿಯಾಗಿ ಬಟಾವಿಯಾಕ್ಕೆ, ದಕ್ಷಿಣ ಆಫ್ರಿಕದ ಕೇಪ್‌ಗೆ ಸಾಗಿದರು. ಅವರ ಚಿತ್ರ ಯಾರೂ ಬರೆಸಲಿಲ್ಲ.

'ಹೊರಗಿನಿಂದ ಬಂದವರು' ಎಂಬ ಬೈಗುಳಕ್ಕೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಇಲ್ಲೇ ಹುಟ್ಟಿ, ಬ್ಯಾರಿ ತುಳು ಎರಡನ್ನೂ ಆಡುತ್ತಾ ಮೀನು ಮಾರುವವನಿಗೆ ಅದು ತಾಗುತ್ತದೆ. ಫಿರಂಗಿ ಹೊತ್ತ ಹಡಗಿನಲ್ಲಿ ಬಂದವನಿಗೆ ಚಿನ್ನದ ಚೌಕಟ್ಟು! ಈ ಶೋಕಿಯಲ್ಲಿ ನಮ್ಮ ಸಮುದಾಯದವರೂ ಹಿಂದೆ ಬಿದ್ದಿಲ್ಲವೆನ್ನಿ.

ಕಲೆಯನ್ನು ಕಲೆಯಾಗಿ ನೋಡಬಾರದೇ ಎಂದು ಕೆಲವರು ಕೇಳಬಹುದು. ಧಾರಾಳವಾಗಿ ನೋಡಿ. ಬಟ್ಟೆಯ ನೆರಿಗೆಯಲ್ಲಿ ಬೆಳಕು ಹಿಡಿದಿಟ್ಟ ಆ ಕೈಚಳಕ ಸಾಮಾನ್ಯದ್ದಲ್ಲ. ಚಿತ್ರವನ್ನು ಕಿತ್ತೆಸೆಯಬೇಕೆಂದು ನಾನು ಹೇಳುತ್ತಿಲ್ಲ, ರೈಕ್ಸ್ ಮ್ಯೂಸಿಯಂ ಕೂಡಾ ಎಸೆದಿಲ್ಲ. 2021ರಲ್ಲಿ ಅದು ಗುಲಾಮಗಿರಿಯ ಬಗ್ಗೆಯೇ ಪ್ರದರ್ಶನ ನಡೆಸಿತು. ತನ್ನ ಸಂಗ್ರಹದ 77 ವಸ್ತುಗಳ ಪಕ್ಕ, ಗುಲಾಮಗಿರಿಯೊಂದಿಗೆ ಅವುಗಳ ನಂಟೇನೆಂದು ಬರೆದ ಫಲಕ ಹಾಕಿತು. 2023ರ ಜುಲೈ 1ರಂದು ಡಚ್ ದೊರೆ ವಿಲ್ಲೆಮ್ ಅಲೆಕ್ಸಾಂಡರ್ ಕ್ಷಮೆ ಕೇಳಿದರು. ಸಂಭಾವಿತರ ಸ್ವಂತ ಮನೆಯಲ್ಲೇ ಲೆಕ್ಕ ಕೇಳುತ್ತಿರುವಾಗ, ಮೆಣಸು ಕೊಟ್ಟ ಕರಾವಳಿಯ ನಾವು ಅವರ ಹೆಸರನ್ನಾದರೂ ಕೇಳಬೇಡವೇ?