ಕಲ್ಲಿನಲ್ಲಿ ಕಾಣದ ಕೈಗಳು

ನಮ್ಮ ನಾಡಿನ ಊರಬಾಗಿಲುಗಳಲ್ಲಿ ವೀರಗಲ್ಲುಂಟು, ಮಾಸ್ತಿಗಲ್ಲುಂಟು. ತುರುಗಳ ರಕ್ಷಣೆಗಾಗಿ ಮಡಿದವನಿಗೆ ವೀರಗಲ್ಲು, ಗಂಡನ ಚಿತೆಯೇರಿದವಳಿಗೆ ಮಾಸ್ತಿಗಲ್ಲು. ಬಳೆ ತೊಟ್ಟು ಮೇಲೆತ್ತಿದ ಆ ಕೈಯನ್ನು ಕಂಡಾಗಲೆಲ್ಲ ನಮ್ಮಲ್ಲೊಂದು ಪ್ರಶ್ನೆ ಏಳುತ್ತದೆ. ಸತ್ತವಳಿಗೆ ಕಲ್ಲು ನಿಲ್ಲಿಸಿದ ಸಮಾಜವು ಊರಿಗಾಗಿ ದುಡಿದು ಬದುಕಿದ ತಾಯಿಗೆ ಏನನ್ನು ನಿಲ್ಲಿಸಿತು?

ಏನೂ ಇಲ್ಲವೆನ್ನಲಾಗದು. ಹಿಂದೆ ಯಲಬುರ್ಗಾ ತಾಲೂಕಿಗೆ ಸೇರಿದ್ದ ಇಟಗಿಯಲ್ಲಿ 1112ರಲ್ಲಿ ಮಹಾದೇವ ದಂಡನಾಯಕನು ದೇವಾಲಯ ಕಟ್ಟಿಸಿದನು, ಹೆತ್ತ ತಾಯಿಯ ಹೆಸರಿನಲ್ಲೂ ಒಂದು ಗುಡಿ ಎತ್ತಿಸಿದನು. ಆದರೆ ಆಕೆ ದಂಡನಾಯಕನ ತಾಯಿ! ಕೆರೆಯ ಹೂಳು ಹೊತ್ತವಳಿಗೆ, ಹಸಿದವರಿಗೆ ರೊಟ್ಟಿ ಬಡಿದವಳಿಗೆ ಶಾಸನವೆಲ್ಲಿ?

ಕೊಪ್ಪಳ ತಾಲೂಕಿನ ಕುಣಿಕೇರಿಯ ಹುಚ್ಚಮ್ಮ ಚೌದ್ರಿಯವರನ್ನು ನೆನೆಯಿರಿ. ಮಕ್ಕಳಿಲ್ಲದ ಆ ತಾಯಿ ತಮ್ಮ ಎರಡು ಎಕರೆ ಹೊಲವನ್ನು ಊರಿನ ಸರ್ಕಾರಿ ಶಾಲೆಗೆ ಬಿಟ್ಟುಕೊಟ್ಟರು. ಭೂಮಿಗೆ ಬಂಗಾರದ ಬೆಲೆ ಬಂದರೂ ಹಿಂದೆ ನೋಡಲಿಲ್ಲ. ಕೊಟ್ಟು ಮನೆಯಲ್ಲಿ ಕೂಡಲಿಲ್ಲ, ಅದೇ ಶಾಲೆಯಲ್ಲಿ ಬಿಸಿಯೂಟದ ಸೌಟು ಹಿಡಿದರು. 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂತು. ಹೆಚ್ಚಾಗಿ ಬಂದ ಅಕ್ಕಿಯನ್ನು ಮರಳಿ ಸುರಿದು ಬರಲು ಗಂಡನಿಗೆ ಹೇಳಿದ ಆಯ್ದಕ್ಕಿ ಲಕ್ಕಮ್ಮನ ವಂಶವೆಂದರೆ ಇದೇ. ರಕ್ತದ ವಂಶವಲ್ಲ, ಕಾಯಕದ ವಂಶ.

ಶಾಲೆಯ ಬಿಸಿಯೂಟ 2002ರಲ್ಲಿ ಆರಂಭವಾದ ಏಳು ಜಿಲ್ಲೆಗಳಲ್ಲಿ ನಮ್ಮ ಕೊಪ್ಪಳವೂ ಒಂದು. ಅದಕ್ಕಿಟ್ಟ ಹೆಸರು ಅಕ್ಷರ ದಾಸೋಹ. ಮಠದ ಮಾತನ್ನು ಸರ್ಕಾರ ಎರವಲು ಪಡೆಯಿತು, ಸಂತೋಷವೇ. ದಾಸೋಹ ಮಾಡುವ ತಾಯಂದಿರು ಮಾತ್ರ ಗೌರವಧನ ಹೆಚ್ಚಿಸಿರೆಂದು ಎಷ್ಟೋ ಸಲ ಬೀದಿಗಿಳಿದಿದ್ದಾರೆ. ಹೆಸರಿನಲ್ಲಿರುವ ಗೌರವ ಕೈಗೆ ಬರುವ ಧನದಲ್ಲಿಲ್ಲ!

ಗಂಗಾವತಿ, ಕುಷ್ಟಗಿಗಳ ಸರ್ಕಲ್ಲುಗಳಲ್ಲಿ ಇನ್ನೊಂದು ಮೂರ್ತಿ ನಿಲ್ಲಿಸಲು ಹೊರಡುವ ಭಕ್ತರಿಗೆ ನಮ್ಮದೊಂದು ಬಿನ್ನಹ. ಕುದುರೆ, ಖಡ್ಗ, ಕಿರೀಟ ಸಾಕು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಮಣ್ಣಿನ ಬುಟ್ಟಿ ಇರುವ ಹೆಣ್ಣುಮಗಳನ್ನು ಕಡೆಯಿಸಿರಿ. ಮುಖ ದೇವತೆಯಂತಾಗದಿರಲಿ, ದುಡಿದ ಕೈಯ ನರಗಳು ಕಾಣಲಿ. ಪೀಠದ ಮೇಲೆ ದಾನಿಗಳ ಪಟ್ಟಿ ಬೇಡ, ಆ ಊರಿಗೆ ದುಡಿದ ಹೆಂಗಸರ ಹೆಸರಿರಲಿ. ಸರ್ಕಲ್ಲಿನ ಧೂಳಿಗಿಂತ ಕೆರೆಯ ಏರಿ ವಾಸಿ, ಶಾಲೆಯ ಗೇಟು ಇನ್ನೂ ವಾಸಿ. ಅಲ್ಲಿ ಮಕ್ಕಳು ಓದುತ್ತಾರೆ, ಇದು ನಮ್ಮ ಅಜ್ಜಿಯ ಹೆಸರೆಂದು ಬೆರಳಿಟ್ಟು ತೋರಿಸುತ್ತಾರೆ. ಅಡುಗೆಯ ತಾಯಂದಿರ ಗೌರವಧನದ ಮಾತನ್ನು ಮಾತ್ರ ಶಿಲ್ಪಿಗೆ ಮುಂಗಡ ಕೊಡುವ ಮೊದಲೇ ಆಳುವವರ ಕಿವಿಗೆ ಹಾಕಿರಿ.