ಚಿತ್ರದ ಬುಡಲ್ಲಿ ಹೆಸರೂ ಇರಳಿ

1981ರಲ್ಲಿ ಜೆರಾಕ್ಸ್ ಸ್ಟಾರ್ ಹೇಳ್ತ ಕಂಪ್ಯೂಟರು ಬಪ್ಪಗ ಪರದೆಲಿ ಕಾಗದ, ಫೋಲ್ಡರುಗಳ ಚಿತ್ರ ಇದ್ದತ್ತು. ಆಪೀಸಿನವಕ್ಕೆ ಅದೆಲ್ಲ ದಿನಾ ಮುಟ್ಟುವ ಸಾಮಾನು. ಹಾಂಗಾಗಿ ಕಲಿವಲೆ ಸುಲಾಬ.

ಈಗ ನೋಡಿ: 'ಸೇವ್' ಹೇಳಿರೆ ಫ್ಲಾಪಿಯ ಚಿತ್ರ. 1.44 ಎಂಬಿ ಹಿಡಿತ್ತಿದ್ದ ಆ ಫ್ಲಾಪಿಯ ನಮ್ಮ ಮಕ್ಕೊ ಕಂಡಿದವೇ ಇಲ್ಲೆ. ಬೇಂಕಿನ ಆಪಿಲಿಪ್ಪ ಮೂರು ಗೀಟು ಯಾವ ಸಾಮಾನಿನ ಚಿತ್ರ? ಮಕ್ಕೊ ಒತ್ತಿ ಒತ್ತಿ ಕಲ್ತುಗೊಳ್ತವು. ಅಜ್ಜಿಯಕ್ಕೊ ಹೆದರಿ ಮೊಬೈಲಿನ ಇನ್ನೊಬ್ಬನ ಕೈಗೆ ಕೊಡ್ತವು, ಒಟ್ಟಿಂಗೆ ಗುಟ್ಟಿನ ನಂಬ್ರವನ್ನೂ.

ಚಿತ್ರವೇ ಬೇಡ ಹೇಳಿ ಆನು ಹೇಳ್ತಿಲ್ಲೆ. ಅಡಿಗೆಕೋಣೆಯ ಡಬ್ಬಿಗೆ 'ಜೀರಿಗೆ' ಹೇಳಿ ಚೀಟಿ ಅಂಟುಸಿದ ಹಾಂಗೆ, ಚಿತ್ರದ ಬುಡಲ್ಲಿ 'ಉಳಿಸಿ' ಹೇಳಿ ಕನ್ನಡಲ್ಲಿ ಬರದರೆ ಸಾಕು. ನಿಂಗೊ ಎಂತ ಹೇಳ್ತಿ?